ಕೇಳಿ ಬಾರಿಸಿದೆ, ಹೊರಡೋಣ



ಕರಾವಳಿಯಲ್ಲಿ ಬೆಳೆದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ಹೊತ್ತು ಕಂತುವ ಸಮಯ. ಕೊಯ್ಲು ಮುಗಿದ ಗದ್ದೆಗಳ ಆಚೆ ಎಲ್ಲಿಂದಲೋ ಚೆಂಡೆ ಕೇಳುತ್ತದೆ. ಜೊತೆಗೆ ಮದ್ದಳೆ. ಹಾಡಿಲ್ಲ, ಮಾತಿಲ್ಲ. ಬರೀ ಬಡಿತ. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮ ಅಜ್ಜಿ ತಲೆಯೆತ್ತಿ, "ಕೇಳಿ ಬಾರಿಸಿತು" ಎನ್ನುತ್ತಿದ್ದಳು. ಅಷ್ಟಾದರೆ ಆಯಿತು. ಅವತ್ತು ಬೇಗ ಊಟ. ಒಬ್ಬರು ಚಾಪೆ ಸುತ್ತುವುದು, ಇನ್ನೊಬ್ಬರು ತೆಂಗಿನ ಗರಿಯ ಸೂಟೆ ಕಟ್ಟುವುದು. ಆಮೇಲೆ ಗದ್ದೆಯ ಹುಣಿಯ ಮೇಲೆ ಸಾಲಾಗಿ ನಡಿಗೆ.

ಆಟ ಇರುವ ಊರಿನಲ್ಲಿ ಸಂಜೆಯೇ ಚೆಂಡೆ ಬಾರಿಸಿ ಸುತ್ತಲಿನವರಿಗೆ ಸಾರುವುದು ಯಕ್ಷಗಾನದ ಪದ್ಧತಿ. ಅದರ ಹೆಸರು ಕೇಳಿ. ಈ ಪದ ನೋಡಿ. ಕೇಳಿ ಎಂದರೆ ಆಟ. ಜಲಕೇಳಿ ಎನ್ನುತ್ತೇವಲ್ಲ, ಅದು. ಕೇಳಿ ಎಂದರೆ ಕಿವಿಗೊಡಿ ಎಂದೂ ಆಯಿತು.

ನಾನು ಈಗ ಇರುವುದು ಗ್ರೇಟರ್ ನೋಯ್ಡಾದಲ್ಲಿ. ದೆಹಲಿಯ ಆಗ್ನೇಯಕ್ಕೆ, ಯಮುನೆಯ ಈಚೆ ದಡದಲ್ಲಿ, ಉತ್ತರ ಪ್ರದೇಶಕ್ಕೆ ಸೇರಿದ ಊರು. ಇಲ್ಲಿಗೆ ಬರುವ ನೆಂಟರು ಕೇಳುವ ಪ್ರಶ್ನೆ ಒಂದೇ. "ಸಂಜೆ ನೋಡುವಂಥದ್ದು ಏನಿದೆ ಇಲ್ಲಿ? ನಾಟಕ, ಸಂಗೀತ, ಏನಾದರೂ?" ಮೊದಮೊದಲು ನನಗೂ ಉತ್ತರ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ. ಈ ಊರಲ್ಲೂ ಕೇಳಿ ಬಾರಿಸುತ್ತಾರೆ. ಒಂದೊಂದು ಜಾಗದಲ್ಲಿ ಒಂದೊಂದು ಬಗೆ. ಅದು ಕೇಳಬೇಕಾದರೆ ಕಿವಿಯನ್ನು ಸ್ವಲ್ಪ ಹದಮಾಡಿಕೊಳ್ಳಬೇಕು. ಇವತ್ತು ನಿಮ್ಮನ್ನು ಆ ಸದ್ದುಗಳ ಹಿಂದೆಯೇ ಕರೆದುಕೊಂಡು ಹೋಗುತ್ತೇನೆ. ಹೇಗೂ ಬಾನುಲಿಯಲ್ಲಿ ಕಣ್ಣಿಗೆ ಕೆಲಸವಿಲ್ಲ.

ಮೊದಲು ಊರಿನ ಪರಿಚಯ. ಗ್ರೇಟರ್ ನೋಯ್ಡಾದ ಪ್ರಾಧಿಕಾರ ಹುಟ್ಟಿದ್ದು 1991ರಲ್ಲಿ. ಎಂದರೆ ಊರಿಗೆ ಇನ್ನೂ ಮೂವತ್ತು ಚಿಲ್ಲರೆ ವರ್ಷ. ಗೆರೆ ಎಳೆದು ಕಟ್ಟಿದ ನಗರ ಇದು. ಬಡಾವಣೆಗಳಿಗೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ಗಣಿತದ ಪುಸ್ತಕದ ಹೆಸರುಗಳು. ನಡುವೆ ಒಂದು ದೊಡ್ಡ ವೃತ್ತ. ಅಲ್ಲಿ ರೆಕ್ಕೆಯಿರುವ ಅಪ್ಸರೆಯರ ಮೂರ್ತಿಗಳನ್ನು ನಿಲ್ಲಿಸಿದ್ದಾರೆ. ಹಿಂದಿಯಲ್ಲಿ ಪರಿ ಎಂದರೆ ಅಪ್ಸರೆ. ಹಾಗಾಗಿ ಅದು ಪರಿ ಚೌಕ. ರಸ್ತೆಗಳು ಎಷ್ಟು ಅಗಲವೆಂದರೆ ಆಚೆ ಬದಿಯವರನ್ನು ಕೂಗಿ ಕರೆದರೆ ಕೇಳಿಸುವುದಿಲ್ಲ.

ಅಗಲ ರಸ್ತೆಯ ಊರಿಗೆ ದೊಡ್ಡ ಪ್ರದರ್ಶನಗಳೇ ಮೊದಲು ಬಂದವು. ನಾಲೆಡ್ಜ್ ಪಾರ್ಕ್ ಎಂಬಲ್ಲಿ ಇಂಡಿಯಾ ಎಕ್ಸ್‌ಪೋ ಮಾರ್ಟ್ ಇದೆ. ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುತ್ತಿದ್ದ ಆಟೋ ಎಕ್ಸ್‌ಪೋದ ವಾಹನ ಪ್ರದರ್ಶನ 2014ರಿಂದ 2023ರವರೆಗೆ ಇಲ್ಲಿ ನಡೆಯಿತು. ಯಮುನಾ ಎಕ್ಸ್‌ಪ್ರೆಸ್‌ವೇ ಬದಿಯಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. ಒಂದು ಸುತ್ತಿಗೆ ಐದು ಕಿಲೋಮೀಟರಿಗೆ ತುಸು ಹೆಚ್ಚು. 2011ರಿಂದ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ಕಾರುಗಳು ಓಡಿದವು. ಮೊದಲ ವರ್ಷ ಅಮೆರಿಕದ ಗಾಯಕಿ ಲೇಡಿ ಗಾಗಾ ಕೂಡ ಬಂದು ಹಾಡಿದರು. ಆಮೇಲೆ ಆ ಓಟ ನಿಂತಿತು. 2023ರಲ್ಲಿ ಮೋಟೋ ಜಿ.ಪಿ. ಬೈಕುಗಳು ಬಂದು ಹೋದವು. ಬುದ್ಧನ ಹೆಸರಿನ ಜಾಗದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕು! ಇಂಥ ಕಡೆ ಕೇಳಿ ಬರುವುದು ಮೊಬೈಲಿನ ಸಂದೇಶವಾಗಿ. ಟಿಕೆಟ್ ತಿಂಗಳ ಮೊದಲೇ ಕೊಳ್ಳಬೇಕು. ಹೋಗಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿಗೆ ದಾರಿ ತೋರಿಸಲು ನಾನು ಬೇಕಿಲ್ಲ. ಜಾಹೀರಾತು ಇದೆ.

ಹಾಗಾದರೆ, ಕೇಳುಗರೇ, ಇಷ್ಟು ಹೇಳಿದೆ. ಊರು ಹೊಸದು, ದೊಡ್ಡ ಪ್ರದರ್ಶನಗಳು ಗದ್ದಲದವು. ಈಗ ಹಳೆಯ ಸದ್ದಿನ ಕಡೆ ಹೋಗೋಣ. ಊರು 1991ರದ್ದಾದರೂ ಅದರ ಕೆಳಗಿನ ನೆಲ 1991ರದ್ದಲ್ಲವಲ್ಲ. ಇಲ್ಲಿ ಹಳ್ಳಿಗಳಿದ್ದವು, ಈಗಲೂ ಇವೆ. ಎತ್ತರದ ಕಟ್ಟಡಗಳ ನಡುವೆ ಎಮ್ಮೆ ಕಟ್ಟಿದ ಅಂಗಳಗಳಿವೆ. ಹುಕ್ಕಾದ ಸುತ್ತ ಕೂತ ಮುದುಕರಿದ್ದಾರೆ. ಅವರ ಸಂಗೀತವೇ ರಾಗಿಣಿ.

ರಾಗಿಣಿ ಎಂದರೆ ಶಾಸ್ತ್ರೀಯ ಸಂಗೀತದ ರಾಗಿಣಿ ಎಂದುಕೊಳ್ಳಬೇಡಿ. ಹರಿಯಾಣ ಮತ್ತು ಪಶ್ಚಿಮ ಉತ್ತರ ಪ್ರದೇಶದಲ್ಲಿ ಸಾಂಗ್ ಎಂಬ ಬಯಲು ನಾಟಕವಿದೆ. ನಮ್ಮ ಉತ್ತರ ಕರ್ನಾಟಕದ ಸಣ್ಣಾಟದ ದಾಯಾದಿ ಎನ್ನಬಹುದು. ಆ ಸಾಂಗಿನೊಳಗೆ ಬರುವ ಹಾಡೇ ರಾಗಿಣಿ. ಈಗ ನಾಟಕ ಹಿಂದೆ ಸರಿದಿದೆ, ಹಾಡು ಮುಂದೆ ಬಂದಿದೆ. ಹರಿಯಾಣದ ಪಂಡಿತ್ ಲಖ್ಮಿಚಂದ್ ಕಳೆದ ಶತಮಾನದ ಮೊದಲರ್ಧದಲ್ಲಿ ಕಟ್ಟಿದ ಹಾಡುಗಳನ್ನು ಇಲ್ಲಿನ ಗಾಯಕರು ಇಂದಿಗೂ ಹಾಡುತ್ತಾರೆ.

ಅದರ ವಾದ್ಯ ಕೇಳಿ. ಒಂದು ಮಣ್ಣಿನ ಗಡಿಗೆ. ಅದರ ಬಾಯಿಗೆ ಬಿಗಿಯಾಗಿ ರಬ್ಬರ್ ಎಳೆದು ಕಟ್ಟಿರುತ್ತಾರೆ. ಬಡಿದರೆ ಬಾವಿಯೊಳಗಿಂದ ಯಾರೋ ಓಗೊಟ್ಟ ಹಾಗೆ 'ಘುಂ' ಎನ್ನುತ್ತದೆ. ನಮ್ಮ ಕಚೇರಿಯ ಘಟದ ನಾದ ಅಲ್ಲ ಅದು. ದಪ್ಪ ದನಿ. ಅದಕ್ಕೆ ಢೋಲಕ್, ಹಾರ್ಮೋನಿಯಂ. ಗಾಯಕ ಒಂದು ಕೈ ಕಿವಿಯ ಮೇಲಿಟ್ಟು ಮೊದಲ ಸಾಲನ್ನು ಎತ್ತರದಲ್ಲಿ ಎಸೆಯುತ್ತಾನೆ.

ಗ್ರೇಟರ್ ನೋಯ್ಡಾಕ್ಕೆ ಸೇರಿಕೊಂಡೇ ಸೂರಜ್‌ಪುರ ಇದೆ. ಜಿಲ್ಲೆಯ ಕಚೇರಿಗಳಿರುವ ಜಾಗ. ಅಲ್ಲಿ ಬಾರಾಹಿ ದೇವಿಯ ಗುಡಿ. ಬಾರಾಹಿ ಎಂದರೆ ನಮ್ಮ ವಾರಾಹಿ. ಬೇಸಿಗೆ ಕಾಲಿಡುವ ಹೊತ್ತಿಗೆ ಅಲ್ಲಿ ಜಾತ್ರೆ. ಬತ್ತಾಸು, ಬಳೆ, ತಿರುಗುವ ತೊಟ್ಟಿಲು, ಎಲ್ಲ ಜಾತ್ರೆಗಳಲ್ಲಿ ಇರುವುದೇ. ರಾತ್ರಿಯಾದ ಮೇಲೆ ರಾಗಿಣಿ. ಒಬ್ಬರು ಪ್ರಶ್ನೆ ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡುವ ಪೈಪೋಟಿಯೂ ಉಂಟು. ನಮ್ಮ ಹರದೇಶಿ ನಾಗೇಶಿ ಲಾವಣಿಯ ಜಟಾಪಟಿ ಕೇಳಿದವರಿಗೆ ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಾಗುತ್ತದೆ. ಯಾರು ಗೆದ್ದರು ಎಂಬುದನ್ನು ಪಕ್ಕದ ಪಗಡಿಯ ಮುದುಕನ ಕುತ್ತಿಗೆಯೇ ಹೇಳಿಬಿಡುತ್ತದೆ.

ಆದ್ದರಿಂದ ಮೊದಲನೆಯ ಕೇಳಿ, ಗಡಿಗೆಯ ಸದ್ದು. ಇದಕ್ಕೆ ಟಿಕೆಟ್ ಇಲ್ಲ, ಮೊಬೈಲ್ ಸಂದೇಶವಿಲ್ಲ. ಹಾಲು ಹಾಕುವವನನ್ನು ಕೇಳಬೇಕು.

ಎರಡನೆಯದು ಶರದೃತುವಿನ ಸದ್ದು. ನವರಾತ್ರಿ ಬಂದರೆ ಈ ಭಾಗದ ಮೈದಾನಗಳಲ್ಲೆಲ್ಲ ರಾಮಲೀಲೆ. ದೆಹಲಿಯ ಕೆಂಪುಕೋಟೆಯ ಎದುರು ಇದೆ. ನೋಯ್ಡಾ ಸ್ಟೇಡಿಯಂನಲ್ಲಿ ಇದೆ. ನಮ್ಮ ಗ್ರೇಟರ್ ನೋಯ್ಡಾದ ಸೈಟ್ ನಾಲ್ಕರ ಮೈದಾನದಲ್ಲೂ ಇದೆ. ಸುಮಾರು ಹತ್ತು ರಾತ್ರಿ. ತುಳಸೀದಾಸರ ಚೌಪಾಯಿ ಪದ್ಯಗಳನ್ನು ಒಬ್ಬರು ಹಾರ್ಮೋನಿಯಂ ಹಿಡಿದು ಹಾಡುತ್ತಾರೆ. ಪಾತ್ರಧಾರಿಗಳು ಮಾತಾಡುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ವೇಷಧಾರಿ ಅರ್ಥ ಹೇಳುವುದನ್ನು ಕಂಡ ನಮಗೆ ಇದು ಪರಕೀಯವಲ್ಲ. ರಾಮಲೀಲೆಯ ಪರಂಪರೆ 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಾಜೂಕಾದ ರೂಪ ಬೇಕೆಂದರೆ ದೆಹಲಿಯ ಶ್ರೀರಾಮ ಭಾರತೀಯ ಕಲಾಕೇಂದ್ರದವರು 1957ರಿಂದ ನಡೆಸಿಕೊಂಡು ಬಂದ ನೃತ್ಯರೂಪಕವಿದೆ. ಇಡೀ ರಾಮಾಯಣ ಒಂದೇ ಸಂಜೆಯಲ್ಲಿ. ನನಗಂತೂ ಮೈದಾನದ ಗದ್ದಲವೇ ಇಷ್ಟ. ಧ್ವನಿವರ್ಧಕ ಕುಯ್‌ಗುಡುತ್ತದೆ. ಕಡಲೆಕಾಯಿಯವನು ಸೀತೆಯ ಅಳುವಿನ ನಡುವೆಯೇ ಕೂಗುತ್ತಾನೆ. ರಾವಣನ ನಗು ನಾಲ್ಕು ಬಡಾವಣೆಗೆ ಕೇಳುತ್ತದೆ.

ಆ ನಗುವಿನ ಬಗ್ಗೆ ಒಂದು ಮಾತು. ಗ್ರೇಟರ್ ನೋಯ್ಡಾದ ಪಶ್ಚಿಮ ಭಾಗದಲ್ಲಿ ಬಿಸರಖ್ ಎಂಬ ಹಳ್ಳಿ ಇದೆ. ರಾವಣನ ತಂದೆ ವಿಶ್ರವಸ್ಸು ಅಲ್ಲಿದ್ದ, ರಾವಣ ಹುಟ್ಟಿದ್ದೂ ಅಲ್ಲೇ ಎಂದು ಊರವರ ನಂಬಿಕೆ. ಅಲ್ಲಿ ಒಂದು ಶಿವನ ಗುಡಿ ಇದೆ. ಸುತ್ತ ಎಲ್ಲ ಕಡೆ ದಸರೆಯ ರಾತ್ರಿ ರಾವಣನನ್ನು ಸುಟ್ಟು ಪಟಾಕಿ ಹಾರಿಸುವಾಗ, ಬಿಸರಖ್‌ನಲ್ಲಿ ಸುಡುವುದಿಲ್ಲ. ರಾಮಲೀಲೆಯನ್ನೂ ಆಡದಿರುವುದು ಅಲ್ಲಿನ ವಾಡಿಕೆ. ಮನೆಮಗನನ್ನು ಸುಡುವುದುಂಟೇ?

ಕನ್ನಡಿಗರಿಗೆ ಇದು ಅರ್ಥವಾಗುತ್ತದೆ. ಒಂಬೈನೂರು ವರ್ಷದ ಹಿಂದೆಯೇ ನಮ್ಮ ಕವಿ ನಾಗಚಂದ್ರ ರಾವಣನನ್ನು ಮರುಗುವ ಮನುಷ್ಯನನ್ನಾಗಿ ಕಂಡಿದ್ದ. ಯಕ್ಷಗಾನದಲ್ಲಿ ರಾವಣನ ಒಡ್ಡೋಲಗಕ್ಕೆ ಕೂತವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ತೆರೆಯ ಹಿಂದಿನ ಆರ್ಭಟೆಗೆ ಮಡಿಲ ಮಗು ಎಚ್ಚರಾಗುತ್ತದೆ. ಒಂದೇ ಊರಲ್ಲಿ, ಒಂದೇ ರಾತ್ರಿ, ಒಂದು ಮೈದಾನದಲ್ಲಿ ರಾವಣನ ಸದ್ದು, ಹತ್ತು ಹದಿನೈದು ಕಿಲೋಮೀಟರ್ ಆಚೆ ಅವನಿಗಾಗಿ ಮೌನ. ದಸರೆಗೆ ಇಲ್ಲಿಗೆ ಬಂದರೆ ಎರಡನ್ನೂ ನೋಡಿ.

ಇಲ್ಲಿಯವರೆಗೆ ಎರಡಾಯಿತು. ಗಡಿಗೆಯ ಕೇಳಿ, ರಾಮಲೀಲೆಯ ಕೇಳಿ. ಎರಡೂ ಬಯಲಿನವು. ಇನ್ನು ಸೂರಿನ ಕೆಳಗಿನ ರಂಗಮಂದಿರಕ್ಕೆ ಹೋಗೋಣ. ಅದಕ್ಕೆ ನದಿ ದಾಟಬೇಕು.

ಪರಿ ಚೌಕದಲ್ಲಿ ಮೆಟ್ರೋ ಹತ್ತಿ. ಇದು ಆಕ್ವಾ ಲೈನ್. 2019ರ ಜನವರಿಯಲ್ಲಿ ಶುರುವಾಯಿತು. ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್, ಇಪ್ಪತ್ತೊಂದು ನಿಲ್ದಾಣ. ನೋಯ್ಡಾ ಸೆಕ್ಟರ್ 51ರಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಬ್ಲೂ ಲೈನಿನ ಸೆಕ್ಟರ್ 52. ಅಲ್ಲಿಂದ ಯಮುನೆ ದಾಟಿ ಮಂಡಿ ಹೌಸ್. ಮನೆ ಬಿಟ್ಟು ಒಂದೂವರೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ದೂರವಾಯಿತು ಎನ್ನುತ್ತೀರಾ? ಸೂಟೆ ಹಿಡಿದು ಗದ್ದೆಯ ಹುಣಿಯ ಮೇಲೆ ಹೋಗುವಾಗ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಮಂಡಿ ಎಂಬುದು ಹಿಮಾಚಲದ ಒಂದು ಸಂಸ್ಥಾನವಾಗಿತ್ತು. ಅಲ್ಲಿನ ರಾಜರ ಬಂಗಲೆ ಇದ್ದ ಜಾಗವೇ ಮಂಡಿ ಹೌಸ್. ಬಂಗಲೆ ಹೋಯಿತು, ಹೆಸರು ಉಳಿಯಿತು. ಈಗ ಅಲ್ಲಿ ಒಂದು ವೃತ್ತ. ಅದರಿಂದ ಚಕ್ರದ ಅರೆಗಳ ಹಾಗೆ ರಸ್ತೆಗಳು. ಆ ರಸ್ತೆಗಳಲ್ಲಿ, ನಡೆದು ಮುಟ್ಟುವಷ್ಟು ಹತ್ತಿರದಲ್ಲಿ, ಐದಾರು ರಂಗಮಂದಿರಗಳು. ಕಮಾನಿ ಸಭಾಂಗಣ 1971ರದ್ದು, ಆರು ನೂರಕ್ಕೂ ಹೆಚ್ಚು ಜನ ಕೂರಬಹುದು. ಶ್ರೀರಾಮ್ ಸೆಂಟರ್ ಬಣ್ಣ ಬಳಿಯದ ಕಾಂಕ್ರೀಟಿನ ಗಂಭೀರ ಕಟ್ಟಡ. ಎಲ್.ಟಿ.ಜಿ. ಸಭಾಂಗಣವಿದೆ. ತ್ರಿವೇಣಿ ಕಲಾ ಸಂಗಮದಲ್ಲಿ ಮರದ ನೆರಳಿನ ಮೆಟ್ಟಿಲುಗಳ ಪುಟ್ಟ ಬಯಲು ರಂಗ. ಮತ್ತೆ, ರಾಷ್ಟ್ರೀಯ ನಾಟಕ ಶಾಲೆ. ಜನ ಕರೆಯುವುದು ಎನ್.ಎಸ್.ಡಿ. ಎಂದು. 1959ರಲ್ಲಿ ಹುಟ್ಟಿದ್ದು.

ಇಲ್ಲಿನ ಕೇಳಿ ಯಾವುದು? ಗಂಟೆ. ಮೊದಲ ಗಂಟೆಗೆ ಚಹಾದ ಲೋಟ ಕೆಳಗಿಡಬೇಕು. ಎರಡನೆಯದಕ್ಕೆ ಕುರ್ಚಿ ಹುಡುಕಬೇಕು. ಮೂರನೆಯದು ಆದಮೇಲೆ ಬಾಗಿಲು ಹಾಕುತ್ತಾರೆ. ದೀಪ ಆರುತ್ತದೆ. ಆಮೇಲೆ ಬಂದವರು ಹೊರಗೆ. ಗ್ರೇಟರ್ ನೋಯ್ಡಾದಿಂದ ಬಂದೆ ಎಂದರೂ ಹೊರಗೆ.

ಈ ಗಂಟೆಯ ಹಿಂದೆ ನಮ್ಮವರ ಸದ್ದೂ ಇದೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಹುಡುಗನೊಬ್ಬ ಮನೆಬಿಟ್ಟು ಓಡಿಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದ. ಆಮೇಲೆ ಕಾಶಿಯಲ್ಲಿ ಹಿಂದಿ ಓದಿದ, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತ. ಎನ್.ಎಸ್.ಡಿ.ಯಲ್ಲಿ ವಿದ್ಯಾರ್ಥಿಯಾದ. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕನಾಗಿ ಬಂದ. ಬಿ.ವಿ. ಕಾರಂತರು ಎಂದು ನೀವು ಆಗಲೇ ಗುರುತಿಸಿದ್ದೀರಿ. ವಾದ್ಯವಲ್ಲದ ವಸ್ತುವಿನಿಂದಲೂ ನಾದ ಎಬ್ಬಿಸುವವರು ಅವರು. 1979ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ 'ಬರ್ನಮ್ ವನ' ಎಂದು ಆಡಿಸಿದರು. ಅನುವಾದ ಕವಿ ರಘುವೀರ ಸಹಾಯ್ ಅವರದು. ರಂಗದ ಮೇಲಿನ ನಡಿಗೆ ಯಕ್ಷಗಾನದ್ದು. ಗದ್ದೆಯ ಹೆಜ್ಜೆ ದೆಹಲಿಯ ಮರದ ಹಲಗೆಯ ಮೇಲೆ ಬಿತ್ತು.

ಗಿರೀಶ ಕಾರ್ನಾಡರ 'ತುಘಲಕ್' ಇನ್ನೊಂದು ಕಥೆ. ದೆಹಲಿಯ ಸುಲ್ತಾನನ ಬಗ್ಗೆ ಕನ್ನಡದಲ್ಲಿ ಬರೆದ ನಾಟಕ. ಕಾರಂತರು ಅದನ್ನು ಅನುವಾದಿಸಿದರು. 1966ರಲ್ಲಿ ಓಂ ಶಿವಪುರಿ ಎನ್.ಎಸ್.ಡಿ.ಗಾಗಿ ನಿರ್ದೇಶಿಸಿದರು. ಎಪ್ಪತ್ತರ ದಶಕದಲ್ಲಿ ನಿರ್ದೇಶಕ ಇಬ್ರಾಹಿಂ ಅಲ್ಕಾಜಿ ಅದನ್ನು ದೆಹಲಿಯ ಪುರಾನಾ ಕಿಲಾದ ಹಾಳು ಗೋಡೆಗಳ ನಡುವೆಯೇ ಆಡಿಸಿದರು. ನಟ ಮನೋಹರ್ ಸಿಂಗ್ ಸುಲ್ತಾನನಾದರು. ರಾಜಧಾನಿಯನ್ನು ದೌಲತಾಬಾದಿಗೆ ಎಬ್ಬಿಸಿಕೊಂಡು ಹೋದ ದೊರೆಯನ್ನು ಕನ್ನಡದ ನಾಟಕಕಾರ ಮತ್ತೆ ದೆಹಲಿಗೆ ಕರೆತಂದಂತಾಯಿತು. ಅದೇ ಅಲ್ಕಾಜಿ ಮಂಡಿ ಹೌಸಿನ ಬಳಿಯ ರವೀಂದ್ರ ಭವನದ ಹಿಂದೆ ಒಂದು ಆಲದ ಮರದ ಕೆಳಗೆ ರಂಗ ಕಟ್ಟಿಸಿದರು. ಹೆಸರು ಮೇಘದೂತ. ರಂಗಸ್ಥಳಕ್ಕೆ ಮರ ಚಪ್ಪರವಾದದ್ದನ್ನು ನೋಡಲು ಅಲ್ಲಿಗೆ ಹೋಗಬೇಕು.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ಸಮುದಾಯ ತಂಡ ಕಟ್ಟಿದ ಪ್ರಸನ್ನ ಇದೇ ಶಾಲೆಯಲ್ಲಿ ಕಲಿತವರು. ಈ ಶಾಲೆ 1999ರಿಂದ ಭಾರತ ರಂಗ ಮಹೋತ್ಸವ ನಡೆಸುತ್ತದೆ. ಸಾಮಾನ್ಯವಾಗಿ ಚಳಿಗಾಲದ ಕೊನೆಯಲ್ಲಿ. ಕನ್ನಡ ನಾಟಕ ಬಂದ ದಿನ ದೂರದೂರದ ಕನ್ನಡಿಗರು ಬಂದು ಸೇರುತ್ತಾರೆ. ಮೊದಲ ಗಂಟೆಗೂ ಮೊದಲೇ ಒಂದು ಕೇಳಿ ಅಲ್ಲಿ ಕೇಳಿಸುತ್ತದೆ. "ನೀವು ಯಾವ ಊರಿನವರು?"

ಸರಿ, ಗಡಿಗೆ, ರಾಮಲೀಲೆ, ಗಂಟೆ. ಮೂರಾಯಿತು. ಇನ್ನೊಂದು ಸದ್ದಿದೆ. ಅದಕ್ಕೆ ಮಂದಿರವೂ ಬೇಡ, ಮೈದಾನವೂ ಬೇಡ.

ಶ್ರೀರಾಮ್ ಸೆಂಟರ್ ಇರುವ ರಸ್ತೆಗೆ ಸಫ್ದರ್ ಹಾಶ್ಮಿ ಮಾರ್ಗ ಎಂದು ಹೆಸರು. ಸಫ್ದರ್ ಬೀದಿನಾಟಕದವರು. ಅವರ ತಂಡ ಜನ ನಾಟ್ಯ ಮಂಚ್ 1973ರಲ್ಲಿ ಶುರುವಾದದ್ದು. 1989ರ ಜನವರಿ ಒಂದರಂದು ಈ ತಂಡ 'ಹಲ್ಲಾ ಬೋಲ್' ನಾಟಕ ಆಡುತ್ತಿತ್ತು. ಜಾಗ, ಗಾಜಿಯಾಬಾದ್ ಜಿಲ್ಲೆಯ ಸಾಹಿಬಾಬಾದಿನ ಝಂಡಾಪುರ. ಕಾರ್ಖಾನೆಗಳ ನಡುವಿನ ಕಾರ್ಮಿಕರ ವಸತಿ. ನೋಯ್ಡಾಕ್ಕೆ ದೂರವಲ್ಲ. ಆಟದ ನಡುವೆಯೇ ತಂಡದ ಮೇಲೆ ದಾಳಿಯಾಯಿತು. ರಾಮ್ ಬಹಾದೂರ್ ಎಂಬ ಕಾರ್ಮಿಕ ಸತ್ತರು. ಮರುದಿನ ಸಫ್ದರ್ ತೀರಿಕೊಂಡರು. ವಯಸ್ಸು ಮೂವತ್ತನಾಲ್ಕು. ಜನವರಿ ನಾಲ್ಕರಂದು ಅವರ ಹೆಂಡತಿ ಮೊಲಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಹೋದರು. ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು.

ಪ್ರತಿವರ್ಷ ಜನವರಿ ಒಂದರಂದು ಅಲ್ಲಿ ಸಭೆ ಸೇರುತ್ತದೆ, ನಾಟಕ ನಡೆಯುತ್ತದೆ. ಇಲ್ಲಿನ ಕೇಳಿ ನಟರ ಕೂಗು ಮತ್ತು ಚಪ್ಪಾಳೆ. ಒಂದು ಸುತ್ತು ಹಾಕುತ್ತಾರೆ. ಜನ ಕಿಟಕಿಯಿಂದ ಇಣುಕುತ್ತಾರೆ, ಇಳಿದು ಬರುತ್ತಾರೆ. ಬಂದವರು ದುಂಡಗೆ ನಿಂತರೆ ಅದೇ ರಂಗಸ್ಥಳ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಸಮುದಾಯ ತಂಡದ 'ಬೆಲ್ಚಿ' ಬೀದಿನಾಟಕ ನೋಡಿದ ಹಿರಿಯರು ಕೇಳುಗರಲ್ಲಿ ಇದ್ದರೆ, ಆ ವೃತ್ತ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಅವರಿಗೆ ನೆನಪಿರುತ್ತದೆ.

ಇನ್ನೆರಡು ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ, ಸಮಯ ಓಡುತ್ತಿದೆ. ಗುರುವಾರ ಸಂಜೆ ಬಿಡುವಿದ್ದರೆ ದೆಹಲಿಯ ಹಜರತ್ ನಿಜಾಮುದ್ದೀನ್ ದರ್ಗಾಕ್ಕೆ ಹೋಗಿ. ಕವಿ ಅಮೀರ್ ಖುಸ್ರೋ ಮಲಗಿರುವುದೂ ಅಲ್ಲೇ. ಅಂಗಳದಲ್ಲಿ ಕೂತು ಕವ್ವಾಲಿ ಕೇಳಬಹುದು. ಅಲ್ಲಿ ತಾಳ ಹಾಕುವುದು ಅಂಗೈ.

ಇನ್ನೊಂದು, ದೆಹಲಿ ಕರ್ನಾಟಕ ಸಂಘ. ರಾಮಕೃಷ್ಣಪುರದಲ್ಲಿ ಅದರ ಸ್ವಂತ ಕಟ್ಟಡ, ಸ್ವಂತ ಸಭಾಂಗಣ. ಅದರ ಎಪ್ಪತ್ತೈದನೆಯ ವರ್ಷದ ಹಬ್ಬ 2023ರಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ನಡೆಯಿತು. ಆ ಕಡೆಯ ಮೆಟ್ರೋ ನಿಲ್ದಾಣವೊಂದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಗ್ರೇಟರ್ ನೋಯ್ಡಾದಿಂದ ಅಲ್ಲಿಗೆ ಬಹಳ ದೂರ. ಆದರೆ ದೆಹಲಿಯ ಚಳಿಯಲ್ಲಿ ಚೆಂಡೆ ಕೇಳಬೇಕೆಂದರೆ, ಯಾವ ಮೇಳ ಯಾವಾಗ ಬರುತ್ತದೆ ಎಂದು ವಿಚಾರಿಸಬೇಕಾದ ಮನೆ ಅದೇ.

ಒಟ್ಟು ಹೇಳಿದ್ದೇನು? ಸೂರಜ್‌ಪುರದ ಗಡಿಗೆ. ರಾಮಲೀಲೆಯ ರಾವಣ, ಬಿಸರಖ್‌ನ ಮೌನ. ಮಂಡಿ ಹೌಸಿನ ಗಂಟೆ. ಝಂಡಾಪುರದ ಕೂಗು. ನಿಜಾಮುದ್ದೀನಿನ ಚಪ್ಪಾಳೆ. ಹೊಸ ಊರಿನಲ್ಲಿ ಏನೂ ಇಲ್ಲ ಎನ್ನುವವರು ಇದರಲ್ಲಿ ಒಂದರ ಹಿಂದಾದರೂ ಹೋಗಿ ನೋಡಲಿ. ನಮ್ಮ ಅಜ್ಜಿಗೆ ಪ್ರಸಂಗ ಯಾವುದು, ವೇಷಧಾರಿ ಯಾರು ಎಂದು ಗೊತ್ತಿರುತ್ತಿರಲಿಲ್ಲ. ಕೇಳಿ ಬಾರಿಸಿತು ಎಂದು ಮಾತ್ರ ಗೊತ್ತು. ಉಳಿದದ್ದು ಹೋದ ಮೇಲೆ ತಿಳಿಯುತ್ತಿತ್ತು.

ಹೊರಡುವವರಿಗೆ ಕೊನೆಯ ಎರಡು ಸೂಚನೆ. ಡಿಸೆಂಬರ್ ಜನವರಿಯಲ್ಲಿ ಬರುವುದಾದರೆ ಶಾಲು, ಕಿವಿ ಮುಚ್ಚುವ ಟೊಪ್ಪಿ ಎರಡೂ ಇರಲಿ. ಆಟ ಶುರುವಾದ ಮೇಲೆ ಟೊಪ್ಪಿಯನ್ನು ಕಿವಿಯಿಂದ ಸ್ವಲ್ಪ ಮೇಲೆ ಸರಿಸಿಕೊಳ್ಳಿ. ಇನ್ನೊಂದು, ಆಕ್ವಾ ಲೈನಿನ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ. ಈ ಊರಿನ ಆಟಗಳು ಬೆಳಗಿನವರೆಗೆ ನಡೆಯುವುದಿಲ್ಲ, ಚಾಪೆ ಹಾಸಿ ಮಲಗಲು ಗದ್ದೆಯೂ ಇಲ್ಲ.